ಹಳದಿ ಗೆರೆ ಹಿಡಿದು ಓಡಿದ ಆರು ತಿಂಗಳು

ಫ್ರಾನ್ಸಿನಿಂದ ವಾಪಸ್ ಬಂದು ಎರಡು ತಿಂಗಳಾಯ್ತು. ಕ್ಯಾಂಟೀನ್ ಇರಲಿ, ಲ್ಯಾಬ್ ಇರಲಿ, ಸಿಕ್ಕವರೆಲ್ಲ ಕೇಳೋ ಮೊದಲ ಪ್ರಶ್ನೆ ಒಂದೇ: “ಪ್ಯಾರಿಸ್ ಹೇಗಿತ್ತು?” ಪ್ಯಾರಿಸ್ಸನ್ನ ನಾವು ನೋಡಿದ್ದು ಒಂದೂವರೆ ದಿನ. ಐಫೆಲ್ ಗೋಪುರದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡದ್ದೂ ನಿಜ. ಆದರೆ ಈ ಆರು ತಿಂಗಳಲ್ಲಿ ನಮ್ಮ ಶೂಗೆ ಅಂಟಿದ ಮಣ್ಣು ಪ್ಯಾರಿಸ್ಸಿನದಲ್ಲ. ಅದು ಅಲ್ಲಿಂದ ದಕ್ಷಿಣಕ್ಕೆ, ರೈಲಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು ದೂರದಲ್ಲಿರೋ ತುಲೂಸ್ ನಗರದ ಹೊರಗಿನ ಹಳ್ಳಿಗಳ ಮಣ್ಣು. ಯಾರೂ ಕೇಳದ ಆ ಹಳ್ಳಿಗಳ ಬಗ್ಗೆ ಬರೆಯೋಣ ಅಂತ ಕೂತಿದ್ದೀವಿ.

ಈ ಲೇಖನವನ್ನ ಮೂವರೂ ಸೇರಿ ಬರೆದದ್ದು. ಒಬ್ಬ ಸಕಲೇಶಪುರದವ, ಒಬ್ಬಳು ಗದಗದವಳು, ಇನ್ನೊಬ್ಬ ಬೆಂಗಳೂರು ವಿಜಯನಗರದವ. ಯಾವ ಸಾಲು ಯಾರದ್ದು ಅಂತ ಕೇಳಬೇಡಿ, ಎಲ್ಲಾ ಕಡೆ ‘ನಾವು’ ಅಂತಲೇ ಓದಿಕೊಳ್ಳಿ. ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಅಂತ ಜನವರಿಯಲ್ಲಿ ಹೋಗಿ ಜುಲೈವರೆಗೆ ಇದ್ವಿ. ತುಲೂಸ್ ಅಂದರೆ ಏರೋ ಬ್ರಾಂಚಿನವರಿಗೆ ಕಾಶಿ ಇದ್ದಂಗೆ, ಏರ್‌ಬಸ್‌ನ ತವರು. ನಮ್ಮ ಹಾಸ್ಟೆಲ್ ಇದ್ದದ್ದು ಊರಿನ ದಕ್ಷಿಣದ ಅಂಚಲ್ಲಿ. ಒಂದು ಕಡೆ ಮೆಟ್ರೋ, ಇನ್ನೊಂದು ಕಡೆ ಒಂದು ಹಳೇ ಕಾಲುವೆ, ಕಾಲುವೆ ದಾಟಿದರೆ ದಿಣ್ಣೆಗಳು.

ಓಡೋಕೆ ಶುರು ಮಾಡಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ಜಿಮ್ಮಿಗೆ ದುಡ್ಡು ಬೇಕು, ರಸ್ತೆಗೆ ಬೇಡ. ಜನವರಿಯಲ್ಲಿ ಅಲ್ಲಿ ಬೆಳಿಗ್ಗೆ ಎಂಟಾದರೂ ಸೂರ್ಯ ಬಂದಿರೋಲ್ಲ. ಸಂಜೆ ಕ್ಲಾಸ್ ಮುಗಿಸಿ ಬಂದರೆ ರೂಮು ಅನ್ನೋದು ಒಂಬತ್ತು ಚದರ ಮೀಟರಿನ ಒಂದು ಡಬ್ಬ. ಪಕ್ಕದ ರೂಮಲ್ಲಿ ಯಾರಿದ್ದಾರೆ ಅಂತ ಮೂರು ವಾರ ಆದರೂ ಗೊತ್ತಾಗಲಿಲ್ಲ. ನಮ್ಮ ಹಾಸ್ಟೆಲ್ಲಲ್ಲಿ ಸದ್ದಿಲ್ಲ ಅಂದರೆ ಕರೆಂಟ್ ಹೋಗಿದೆ ಅಂತ ಅರ್ಥ. ಅಲ್ಲಿ ಸದ್ದಿಲ್ಲದೇ ಇರೋದೇ ರೂಢಿ. ಎರಡನೇ ವಾರದಲ್ಲಿ ವಿಜಯನಗರದವನೇ ಬಂದು ಬಾಗಿಲು ಬಡಿದ: “ಹೀಗೇ ಗೋಡೆ ನೋಡ್ತಾ ಕೂತ್ರೆ ನಾವು ಮೂರೂ ಜನ ಮೆಂಟಲ್ ಆಗ್ತೀವಿ. ಶೂ ಹಾಕ್ಕೊಳ್ರೋ.” ಅಲ್ಲಿಂದ ವಾರಕ್ಕೆ ಮೂರು ಸಲ ಓಟ.

ಮೊದಲು ಓಡಿದ್ದು ಕಾಲುವೆ ದಂಡೆ. ಇದರ ಹೆಸರು ಕನಾಲ್ ದ್ಯು ಮಿದಿ. ತುಲೂಸಿನಿಂದ ಮೆಡಿಟರೇನಿಯನ್ ಸಮುದ್ರದವರೆಗೆ 240 ಕಿ.ಮೀ. 1666ರಲ್ಲಿ ರಾಜ ಹದಿನಾಲ್ಕನೇ ಲೂಯಿ ಒಪ್ಪಿಗೆ ಕೊಟ್ಟ, 1681ರಲ್ಲಿ ದೋಣಿಗೆ ತೆರೆದರು. ಇದನ್ನ ಕಟ್ಟಿಸಿದ ಪಿಯೇರ್-ಪೋಲ್ ರಿಕೆ ಎಂಜಿನಿಯರ್ ಅಲ್ಲವೇ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡ್ತಿದ್ದ ಮನುಷ್ಯ! ಸ್ವಂತ ಆಸ್ತಿಯನ್ನೂ ಸುರಿದು ಕಟ್ಟಿಸಿದ, ಕಾಲುವೆ ತೆರೆಯೋಕೆ ಕೆಲವೇ ತಿಂಗಳ ಮೊದಲು, 1680ರಲ್ಲಿ ತೀರಿಕೊಂಡ. 1996ರಲ್ಲಿ ಯುನೆಸ್ಕೋ ಇದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ದಂಡೆ ಮೇಲೆ ಟಾರು ಹಾಕಿದ ಸೈಕಲ್ ದಾರಿ ಇದೆ, ಎರಡೂ ಕಡೆ ಪ್ಲೇನ್ ಮರಗಳ ಸಾಲು. ಏರಿಲ್ಲ, ಇಳಿವಿಲ್ಲ, ಟ್ರಾಫಿಕ್ ಇಲ್ಲ. ಹೊಸದಾಗಿ ಓಡೋರಿಗೆ ಇದಕ್ಕಿಂತ ಒಳ್ಳೇ ಜಾಗ ಸಿಗೋಲ್ಲ.

ಆದರೆ ಆ ಸಾಲಿನಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಖಾಲಿ ಜಾಗ. ಕಾಲುವೆ ಉದ್ದಕ್ಕೂ ಇಂಥ ಮರಗಳು ಸುಮಾರು 42,000 ಇದ್ದವು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಒಂದು ಮರಕ್ಕೆ ಬಂದರೆ ಅದನ್ನ ಕಡಿದು ಸುಡಬೇಕು, ಬೇರೆ ಔಷಧಿ ಇಲ್ಲ. ಸಾವಿರಾರು ಮರ ಕಡಿದು, ಆ ಜಾಗದಲ್ಲಿ ಬೇರೆ ಬೇರೆ ಜಾತಿ ಸಸಿ ನೆಡ್ತಿದ್ದಾರೆ. ಒಂದೇ ಜಾತಿ ನೆಟ್ಟರೆ ಒಂದೇ ರೋಗ ಎಲ್ಲವನ್ನೂ ಒಯ್ಯುತ್ತೆ ಅನ್ನೋ ಪಾಠ ಕಲಿತ ಮೇಲೆ. ಸಕಲೇಶಪುರದವ ಆ ಸಸಿಗಳನ್ನ ನೋಡಿದಾಗೆಲ್ಲ ನಿಂತು ಬಿಡ್ತಿದ್ದ. ಕಾಫಿ ತೋಟದವನಿಗೆ ನೆರಳು ಮರದ ಬೆಲೆ ಗೊತ್ತು.

ಒಂದು ತಿಂಗಳಾದ ಮೇಲೆ ಕಾಲುವೆ ಬೋರಾಯ್ತು, ದಿಣ್ಣೆ ಹತ್ತಿದ್ವಿ. ಮೆಟ್ರೋದ ಕೊನೇ ಸ್ಟಾಪ್ ರಾಮೊನ್‌ವಿಲ್. ಅಲ್ಲಿಂದ ಪೆಶ್‌ಬ್ಯುಸ್ಕ್, ಆಮೇಲೆ ವಿಯೇಯ್-ತುಲೂಸ್, ಹಾಗೇ ಸುತ್ತಿ ವಾಪಸ್. ನಮ್ಮ ವಾಚಿನ ಪ್ರಕಾರ ಸುಮಾರು 12 ಕಿ.ಮೀ. ‘ಪೆಶ್’ ಅಂದರೆ ಅಲ್ಲಿನ ಹಳೇ ಭಾಷೆ ಆಕ್ಸಿಟನ್‌ನಲ್ಲಿ ದಿಣ್ಣೆ. ಹೆಸರಲ್ಲಿ ಪೆಶ್ ಇದ್ದ ಊರಿಗೆ ಹೋಗೋದಿದ್ದರೆ ತೊಡೆ ಗಟ್ಟಿ ಮಾಡ್ಕೊಂಡು ಹೋಗಿ. ಯಾವ ದಿಣ್ಣೆಯೂ ದೊಡ್ಡದಲ್ಲ, ನಮ್ಮ ಚಾಮುಂಡಿ ಬೆಟ್ಟದ ಮುಂದೆ ಮಕ್ಕಳು. ಆದರೆ ಒಂದು ಮುಗೀತು ಅನ್ನೋದ್ರಲ್ಲಿ ಇನ್ನೊಂದು. ಏರು, ಇಳಿ, ಏರು, ಇಳಿ. ಸೈನ್ ವೇವ್ ಮೇಲೆ ಓಡಿದಂಗೆ. ತುದಿ ಮುಟ್ಟಿದಾಗ, ಆಕಾಶ ತಿಳಿಯಾಗಿದ್ದರೆ, ದಕ್ಷಿಣದಲ್ಲಿ ಪಿರನೀಸ್ ಪರ್ವತದ ಹಿಮ ಕಾಣುತ್ತೆ. ಕೆಳಗೆ ಗೋಧಿ ಹೊಲ, ನಡುವೆ ಗುಲಾಬಿ ಬಣ್ಣದ ಇಟ್ಟಿಗೆಯ ಚರ್ಚು, ಒಂದು ಟ್ರ್ಯಾಕ್ಟರು, ಅಷ್ಟೇ.

ದಾರಿ ಹೇಗೆ ಗೊತ್ತಾಗುತ್ತೆ ಅಂತೀರಾ? ಇದು ಎಂಜಿನಿಯರುಗಳು ಕೇಳಬೇಕಾದ ಪ್ರಶ್ನೆ. ಬೇಲಿ ಕಂಬದ ಮೇಲೆ, ಮರದ ಮೇಲೆ, ಮೋರಿಯ ಕಲ್ಲಿನ ಮೇಲೆ ಬೆರಳುದ್ದದ ಒಂದು ಹಳದಿ ಗೆರೆ ಬಳಿದಿರ್ತಾರೆ. ಗೆರೆ ಇದ್ದರೆ ದಾರಿ ಸರಿ. ಗೆರೆ ಬಾಗಿದ್ದರೆ ತಿರುಗು. ಕತ್ತರಿ ಗುರುತಿದ್ದರೆ ಈ ಕಡೆ ಅಲ್ಲ. ಇವು ಆಯಾ ಊರಿನ ಸಣ್ಣ ಸುತ್ತುಗಳು. ಬಿಳಿ-ಕೆಂಪು ಜೋಡಿ ಗೆರೆ ಇದ್ದರೆ ದೂರದ ಹಾದಿ, ಅದನ್ನ ಹಿಡಿದರೆ ದಿನಗಟ್ಟಲೆ ನಡೆಯಬಹುದು. ಬ್ಯಾಟರಿ ಬೇಡ, ಸಿಗ್ನಲ್ ಬೇಡ, ಅಪ್‌ಡೇಟ್ ಬೇಡ. ಮೊದಲ ಎರಡು ವಾರ ಫೋನಲ್ಲಿ ಮ್ಯಾಪ್ ಹಿಡಿದು ಓಡ್ತಿದ್ದ ನಾವು ಆಮೇಲೆ ಫೋನನ್ನ ಜೇಬಿಗೆ ಹಾಕಿ ಗೆರೆ ಹುಡುಕೋ ಆಟ ಶುರು ಮಾಡಿದ್ವಿ. ಈ ಗೆರೆಗಳನ್ನ ಬಳಿಯೋರು ಸರ್ಕಾರಿ ನೌಕರರಲ್ಲ. ಹೆಚ್ಚಿನವರು ನಡಿಗೆ ಸಂಘದ ಸ್ವಯಂಸೇವಕರು, ಅದರಲ್ಲೂ ನಿವೃತ್ತರು. ಕೈಯಲ್ಲಿ ಬಣ್ಣದ ಡಬ್ಬ, ಮುಳ್ಳು ಸವರೋ ಕತ್ತರಿ.

ಇನ್ನು ಗದಗದವಳ ವಿಷಯ. ಅವಳು ಊರಲ್ಲಿ ಓಡಿಲ್ಲ ಅಂತಲ್ಲ. ಬೆಳಿಗ್ಗೆ ಐದಕ್ಕೆ ಕ್ರೀಡಾಂಗಣದಲ್ಲಿ ನಾಲ್ಕು ಸುತ್ತು, ಅದೂ ತಮ್ಮ ಬೈಕ್ ಮೇಲೆ ಗೇಟ್ ಹತ್ತಿರ ಕೂತಿದ್ದರೆ ಮಾತ್ರ. ಆರು ಗಂಟೆ ಹೊತ್ತಿಗೆ ಜನ ಬರ್ತಾರೆ, ನೋಡ್ತಾರೆ, ಯಾರೋ ಅಪ್ಪನಿಗೆ ಹೇಳ್ತಾರೆ. ತುಲೂಸಲ್ಲಿ ಮೊದಮೊದಲು ಓಡುವಾಗ ಪ್ರತಿ ಇನ್ನೂರು ಮೀಟರಿಗೆ ಅವಳು ಹಿಂದೆ ತಿರುಗಿ ನೋಡ್ತಿದ್ದಳು. ಯಾರನ್ನ ಅಂತ ಅವಳಿಗೂ ಗೊತ್ತಿಲ್ಲ, ಅಭ್ಯಾಸ. ಮಾರ್ಚಿನ ಒಂದು ಭಾನುವಾರ ನಮ್ಮಿಬ್ಬರಿಗಿಂತ ಮುಂದೆ ಹೋದವಳು ದಿಣ್ಣೆ ಇಳಿದು, ಮತ್ತೊಂದು ಹತ್ತಿ, ಒಂದು ಚುಕ್ಕಿಯಾದಳು. ತಿರುಗಲೇ ಇಲ್ಲ. ಮೇಲೆ ಸಿಕ್ಕಾಗ ಕೇಳಿದರೆ, “ನೆಪ್ಪೇ ಹಾರಿತ್ತಲೇ,” ಅಂದಳು. ಅಲ್ಲೆಲ್ಲ ಸ್ವರ್ಗ ಅಂತ ಹೇಳ್ತಿಲ್ಲ. ಅಲ್ಲಿನ ಹುಡುಗಿಯರೂ ಕತ್ತಲಾದ ಮೇಲೆ ಒಬ್ಬರೇ ಓಡುವಾಗ ಯಾರಿಗಾದರೂ ದಾರಿ ತಿಳಿಸಿಯೇ ಹೋಗ್ತಾರೆ. ಆದರೆ ಬೆಳಕಿದ್ದಾಗ, ಹೊಲದ ನಡುವೆ, ಎದುರಿಗೆ ಬರೋ ಅಜ್ಜ “ಬೊಂಜೂರ್” ಅಂತಾನೆ, ಮುಂದೆ ಹೋಗ್ತಾನೆ. ಅಷ್ಟೇ. ಆ ‘ಅಷ್ಟೇ’ ಅನ್ನೋದಕ್ಕೆ ಎಷ್ಟು ಬೆಲೆ ಅಂತ ಅವಳನ್ನೇ ಕೇಳಿ.

ಓಡೋರಿಗೆ ಕೆಲವು ಉಪಯೋಗದ ಮಾತು ಇಲ್ಲೇ ಹೇಳಿಬಿಡ್ತೀವಿ, ಮುಂದಿನ ಬ್ಯಾಚಿನವರಿಗೆ ಬೇಕಾಗುತ್ತೆ. ಒಂದು, ಬೇಟೆ. ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆವರೆಗೆ ಬೇಟೆ ಕಾಲ. ಹಳ್ಳಿ ದಾರಿಯಲ್ಲಿ ‘ಬೇಟೆ ನಡೀತಿದೆ’ ಅನ್ನೋ ಬೋರ್ಡು ಕಂಡರೆ ಹೀರೋ ಆಗಬೇಡಿ, ಬೇರೆ ದಾರಿ ಹಿಡೀರಿ. ಬಣ್ಣ ಎದ್ದು ಕಾಣೋ ಅಂಗಿ ಹಾಕಿ. ಎರಡು, ಗಾಳಿ. ಆಗ್ನೇಯದಿಂದ ‘ಓತಾಂ’ ಅನ್ನೋ ಗಾಳಿ ಬೀಸುತ್ತೆ. ಶುರುವಾದರೆ ಮೂರು ದಿನ, ಇಲ್ಲ ಆರು, ಇಲ್ಲ ಒಂಬತ್ತು ಅಂತ ಅಲ್ಲಿಯವರ ನಂಬಿಕೆ. ತಲೆ ಕೆಡಿಸೋ ಗಾಳಿ ಅಂತಲೇ ಅದಕ್ಕೆ ಹೆಸರು. ಅಂಥ ದಿನ ಗಾಳಿಗೆ ಎದುರಾಗಿ ಹೊರಡಿ, ವಾಪಸ್ ಬರುವಾಗ ಅದೇ ತಳ್ಳಿಕೊಂಡು ಬರುತ್ತೆ. ಕಪ್ಪತಗುಡ್ಡದ ಗಾಳಿ ಕುಡಿದು ಬೆಳೆದ ಗದಗದವಳು ಮಾತ್ರ ನಗ್ತಿದ್ದಳು. ಮೂರು, ಮಣ್ಣು. ಆ ದಿಣ್ಣೆಗಳದ್ದು ಜೇಡಿ ಮಣ್ಣು. ಮಳೆ ಬಂದ ಮಾರನೇ ದಿನ ಹೊಲದ ದಾರಿಗೆ ಇಳಿದರೆ ಒಂದೊಂದು ಶೂ ಒಂದೊಂದು ಕೆಜಿ. ಅದಕ್ಕೂ ಅವಳು, “ಇದು ನಮ್ಮ ಎರಿ ಹೊಲಾನ, ಬಣ್ಣ ಬ್ಯಾರೆ ಅಷ್ಟ,” ಅಂದಳು.

ನಾಲ್ಕು, ನೀರು. ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಅಂಗಡಿ ಇರೋಲ್ಲ, ಹೋಟೆಲ್ ಇರೋಲ್ಲ. ಬ್ರೆಡ್ಡಿಗೂ ಎಷ್ಟೋ ಕಡೆ ಒಂದು ಮೆಷಿನ್, ನಾಣ್ಯ ಹಾಕಿದರೆ ಉದ್ದನೆ ಬ್ರೆಡ್ ಬೀಳುತ್ತೆ. ಹಾಗಾದರೆ ನೀರೆಲ್ಲಿ? ಅಲ್ಲಿನ ಓಟಗಾರರು ಹೇಳಿಕೊಟ್ಟ ಗುಟ್ಟು: ಸ್ಮಶಾನದಲ್ಲಿ. ಪ್ರತಿ ಊರಿನ ಸ್ಮಶಾನದ ಗೇಟ್ ಹತ್ತಿರ ಹೂವಿಗೆ ನೀರು ಹಾಕೋಕೆ ಒಂದು ನಲ್ಲಿ ಇರುತ್ತೆ. ‘ಕುಡಿಯೋ ನೀರಲ್ಲ’ ಅಂತ ಬೋರ್ಡು ಇಲ್ಲದಿದ್ದರೆ ಕುಡೀಬಹುದು. ಮೊದಲ ಸಲ ಗೇಟ್ ಮುಂದೆ ನಿಂತು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಬಾಯಾರಿಕೆ ಗೆದ್ದಿತು. ಆ ರಾತ್ರಿ ವಿಡಿಯೋ ಕಾಲಲ್ಲಿ ಈ ವಿಷಯ ಕೇಳಿದ ಸಕಲೇಶಪುರದ ಅಮ್ಮನ ಪ್ರಶ್ನೆ ಒಂದೇ: “ಬಂದ್ಮೇಲೆ ತಲೆ ಮೇಲೆ ನೀರು ಹಾಕ್ಕೊಂಡ್ಯಾ ಇಲ್ವಾ?”

ಸ್ಮಶಾನಕ್ಕೆ ನೀರಿಗೆ ಅಂತ ಹೋದವರಿಗೆ ಊರುಗಳು ಅರ್ಥ ಆಗೋಕೆ ಶುರುವಾಯ್ತು. ಪ್ರತಿ ಊರಲ್ಲೂ ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರಿನ ಒಂದು ಕಲ್ಲು ಇರುತ್ತೆ. 1914ರಿಂದ 1918ರವರೆಗೆ ಫ್ರಾನ್ಸ್ ಕಳೆದುಕೊಂಡದ್ದು 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನ. ಪುಸ್ತಕದಲ್ಲಿ ಓದಿದರೆ ಅದು ಒಂದು ಸಂಖ್ಯೆ. ಐವತ್ತು ಮನೆ ಇಲ್ಲದ ಊರಿನ ಕಲ್ಲಿನ ಮೇಲೆ ಒಂದೇ ಮನೆತನದ ಹೆಸರು ಮೂರು ಸಲ ಬಂದದ್ದನ್ನ ಬೆವರು ಒರೆಸಿಕೊಳ್ತಾ ಓದಿದರೆ ಬೇರೆ. ನಾವು ‘ಎಷ್ಟು ಪ್ರಶಾಂತ’ ಅಂತ ಫೋಟೋ ಹಾಕ್ತಿದ್ದ ಮೌನಕ್ಕೆ ಹಿಂದೆ ಬಹಳ ಲೆಕ್ಕ ಇದೆ. ಯುದ್ಧ ಒಂದಷ್ಟು ಜನರನ್ನ ಒಯ್ದಿತು, ಪಟ್ಟಣ ಒಂದಷ್ಟು ಜನರನ್ನ ಒಯ್ದಿತು. ಇಪ್ಪತ್ತು ಕುಟುಂಬ ಉಳುಮೆ ಮಾಡ್ತಿದ್ದ ಜಮೀನನ್ನ ಈಗ ಒಬ್ಬ ರೈತ, ಒಂದು ದೊಡ್ಡ ಟ್ರ್ಯಾಕ್ಟರು ನೋಡಿಕೊಳ್ಳುತ್ತೆ. ಇವತ್ತು ಆ ಮನೆಗಳಲ್ಲಿ ಇರೋರು ಬೆಳಿಗ್ಗೆ ಕಾರು ಹತ್ತಿ ತುಲೂಸಿಗೆ ಕೆಲಸಕ್ಕೆ ಹೋಗ್ತಾರೆ. ನಾವು ಓಡೋ ಹೊತ್ತಿಗೆ ಊರಲ್ಲಿ ಇರೋದು ಬೆಕ್ಕು, ನಾಯಿ, ಕೆಲವು ಅಜ್ಜ ಅಜ್ಜಿಯರು.

ಅಂಥ ಒಬ್ಬ ಅಜ್ಜಿ ಏಪ್ರಿಲಿನಲ್ಲಿ ನಲ್ಲಿ ಹತ್ತಿರ ಸಿಕ್ಕರು. ಊರಿನ ಹೆಸರು ಬೇಡ. ನಾವು ಬಾಟಲಿ ತುಂಬಿಸ್ತಿದ್ವಿ, ಅವರು ಹೂವಿನ ಡಬ್ಬಕ್ಕೆ ನೀರು ಹಿಡಿಯೋಕೆ ಕಾಯ್ತಿದ್ದರು. ಎಲ್ಲಿಯವರು ಅಂತ ಕೇಳಿದರು, ಇಂಡಿಯಾ ಅಂದ್ವಿ. ಯಾವ ದಾರಿಯಿಂದ ಬಂದಿರಿ ಅಂತ ಕೇಳಿದರು, ಬೇಲಿ ಪಕ್ಕದ ದಾರಿ ತೋರಿಸಿದ್ವಿ. ಅವರ ಮುಖ ಬದಲಾಯ್ತು. ನಮ್ಮ ಹರಕು ಮುರುಕು ಫ್ರೆಂಚಿಗೆ ದಕ್ಕಿದ್ದು ಇಷ್ಟು: ಆ ದಾರಿಯಲ್ಲೇ ಅವರೂ ಅವರಣ್ಣನೂ ಶಾಲೆಗೆ ನಡೆದು ಹೋಗ್ತಿದ್ದರು. ಶಾಲೆ ಮುಚ್ಚಿ ಬಹಳ ವರ್ಷ ಆಯ್ತು. ಈಗ ದಾರಿಯನ್ನೂ ಮಾರ್ತಾರಂತೆ, ಪಂಚಾಯ್ತಿ ಬೋರ್ಡಲ್ಲಿ ಚೀಟಿ ಹಚ್ಚಿದ್ದಾರೆ, ಹೋಗಿ ನೋಡಿ.

ದಾರಿಯನ್ನ ಮಾರೋದಾ? ಹೋಗಿ ನೋಡಿದ್ವಿ, ನಿಜ. ಆಮೇಲೆ ನಡಿಗೆ ಸಂಘದ ಒಬ್ಬ ನಿವೃತ್ತ ಮೇಷ್ಟ್ರು ಬಿಡಿಸಿ ಹೇಳಿದರು. ಫ್ರಾನ್ಸಲ್ಲಿ ಇಂಥ ಹೊಲದ ದಾರಿಗಳಿಗೆ ‘ಶ್ಯಮಾಂ ರ್ಯುರಾಲ್’ ಅಂತಾರೆ, ಅಂದರೆ ಗ್ರಾಮೀಣ ದಾರಿ. ಇವು ಊರಿನ ಆಡಳಿತದ ಸೊತ್ತು, ಸಾರ್ವಜನಿಕರ ಬಳಕೆಗೆ ಬಿಟ್ಟದ್ದು. ಆದರೆ ಸಾರ್ವಜನಿಕರು ಬಳಸೋದು ನಿಂತುಹೋದರೆ, ವಿಚಾರಣೆ ನಡೆಸಿ, ಊರಿನ ಸಭೆ ಅದನ್ನ ಮಾರಬಹುದು. ಅಂದರೆ ದಾರಿ ಬದುಕಿದೆ ಅನ್ನೋದಕ್ಕೆ ಇರೋ ಸಾಕ್ಷಿ ಅದರ ಮೇಲೆ ಬಿದ್ದ ಹೆಜ್ಜೆ. ವಿಚಾರಣೆ ಹದಿನೈದು ದಿನ. ಒಬ್ಬ ಅಧಿಕಾರಿಯನ್ನ ನೇಮಿಸ್ತಾರೆ, ಒಂದು ರಿಜಿಸ್ಟರ್ ಇಡ್ತಾರೆ, ಯಾರು ಬೇಕಾದರೂ ಬಂದು ಅಭಿಪ್ರಾಯ ಬರೀಬಹುದು.

ಕೊಳ್ಳೋಕೆ ಮುಂದೆ ಬಂದಿದ್ದ ರೈತ ಕೆಟ್ಟವನೇನಲ್ಲ, ಇದನ್ನ ಹೇಳಲೇಬೇಕು. ದಾರಿಯ ಎರಡೂ ಕಡೆ ಅವನದೇ ಹೊಲ. ಅರ್ಧ ಕಿ.ಮೀ.ಗಿಂತ ಸ್ವಲ್ಪ ಉದ್ದದ ಆ ದಾರಿ ಹೊಲವನ್ನ ಎರಡು ತುಂಡು ಮಾಡಿತ್ತು. ಅವನ ಯಂತ್ರ ಅಗಲ, ಪ್ರತಿ ಸಲ ದಾರಿ ಹತ್ತಿರ ಬಂದಾಗ ತಿರುಗಿಸಬೇಕು, ಡೀಸೆಲ್ ದಂಡ, ಟೈಮ್ ದಂಡ. ನಾವು ಓಡುವಾಗ ಟ್ರ್ಯಾಕ್ಟರ್ ನಿಲ್ಲಿಸಿ ದಾರಿ ಬಿಟ್ಟು ಕೈ ಬೀಸಿದವನೂ ಅವನೇ. ನಾವು ಬೇರೆ ಎಲ್ಲಿಂದಲೋ ಬಂದ ಮೂರು ಜನ, ಜುಲೈಗೆ ಹೊರಟು ಹೋಗೋರು. ಇದರಲ್ಲಿ ನಮ್ಮದೇನು ಅಂತ ರೂಮಲ್ಲಿ ಎರಡು ರಾತ್ರಿ ಜಗಳ ಆಯ್ತು. ಬೇಡ ಅಂದವನು ವಿಜಯನಗರದವನು. ಬೇಕೇ ಬೇಕು ಅಂತ ಹಟ ಹಿಡಿದವನು ಸಕಲೇಶಪುರದವ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನ ನಾವು ಮೂರು ವರ್ಷದಲ್ಲಿ ಕೇಳಿರಲಿಲ್ಲ. ಅವನೂರಲ್ಲಿ ಅವನು ಶಾಲೆಗೆ ಹೋಗ್ತಿದ್ದ ಕಾಲುದಾರಿಗೆ ಐದು ವರ್ಷದ ಹಿಂದೆ ತಂತಿ ಬೇಲಿ ಬಿದ್ದಿದೆ. ಶಾಲೆಯಲ್ಲಿ ಮಕ್ಕಳಿಲ್ಲ, ನಡೆಯೋರು ಇಲ್ಲ, ಕೇಳೋರೂ ಇಲ್ಲ. “ನಮ್ಮೂರಲ್ಲಿ ಒಂದು ರಿಜಿಸ್ಟರ್ ಕೂಡ ಇಡಲಿಲ್ಲ ಕಣ್ರೋ. ಇಲ್ಲಿ ಇಟ್ಟಿದ್ದಾರೆ. ಬರೆಯೋಕೇನು ರೋಗ?” ಅಂದ.

ಬರೆಯೋಣ ಅಂತಾಯ್ತು. ಬೇಡ ಅಂದವನೇ ಹೆಚ್ಚು ಕೆಲಸ ಮಾಡಿದ. ಬಳಕೆ ಇದೆಯಾ ಅನ್ನೋದೇ ಪ್ರಶ್ನೆ ತಾನೇ? ಅವನ ವಾಚಿನಲ್ಲಿ ಜನವರಿಯಿಂದ ಎಲ್ಲಾ ಓಟದ ಜಿಪಿಎಸ್ ದಾಖಲೆ ಇತ್ತು. ಆ ದಾರಿ ಮೇಲೆ ನಾವು ಹೋದದ್ದು 19 ಸಲ. ದಿನಾಂಕ, ಸಮಯ, ಗೆರೆ ಎಳೆದ ನಕ್ಷೆ, ಎಲ್ಲಾ ಎರಡು ಹಾಳೆಯಲ್ಲಿ ಪ್ರಿಂಟ್ ಹಾಕಿಸಿದ. ಊರಿನ ಆಫೀಸಿಗೆ ಹೋಗಿ, ರಿಜಿಸ್ಟರಲ್ಲಿ ನಾಲ್ಕು ಸಾಲು ಫ್ರೆಂಚಲ್ಲಿ ಬರೆದು, ಹಾಳೆ ಲಗತ್ತಿಸಿ, ಮೂವರೂ ಕನ್ನಡದಲ್ಲಿ ಸಹಿ ಹಾಕಿದ್ವಿ. ವಿಚಾರಣಾಧಿಕಾರಿ ಪುಸ್ತಕ ತಿರುಗಿಸಿ ಸಹಿ ನೋಡಿ, ಇದು ಯಾವ ಲಿಪಿ ಅಂತ ಕೇಳಿದರು. ಹೇಳಿದ್ವಿ. ಆ ಪುಟದಲ್ಲಿ ನಮಗಿಂತ ಮೊದಲು ಹನ್ನೊಂದು ಜನ ಬರೆದಿದ್ದರು. ಮೊದಲನೇದು ನಡುಗೋ ಅಕ್ಷರದಲ್ಲಿ ಆ ಅಜ್ಜಿಯದ್ದು.

ಜೂನ್ ಹೊತ್ತಿಗೆ ಸೀಮೆ ಪೂರ್ತಿ ಬಣ್ಣ ಬದಲಾಯಿಸಿತ್ತು. ಗೋಧಿ ಹಣ್ಣಾಗಿತ್ತು, ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಹೊರಡೋಕೆ ಮುಂಚೆ ಒಂದು ದೊಡ್ಡ ಓಟ ಅಂತ ಪ್ಲಾನ್ ಆಗಿತ್ತು. ರೈಲಲ್ಲಿ ವಿಲ್‌ಫ್ರಾಂಶ್-ದ-ಲೊರಾಗೆ ಅನ್ನೋ ಊರಿಗೆ ಹೋಗಿ, ಅಲ್ಲಿಂದ ಕಾಸ್ತೆಲ್‌ನೊದಾರಿವರೆಗೆ ಓಡಿ, ಮತ್ತೆ ರೈಲು. 25 ಕಿ.ಮೀ.ಗೂ ಮೇಲೆ. ದಾರಿಯಲ್ಲಿ ಅವಿನ್ಯೊನೆ ಊರ ಹತ್ತಿರ ಗಾಳಿಯಂತ್ರಗಳ ಸಾಲು ಕಂಡಾಗ ಗದಗದವಳು, “ನಮ್ಮೂರ ಬಂತ ನೋಡ್ರಿ,” ಅಂತ ಕೂಗಿದಳು. ಮೊಂಫೆರ್ರಾಂ ಅನ್ನೋ ದಿಣ್ಣೆ ಮೇಲೆ ಒಂದು ದೀಪಸ್ತಂಭ ಇದೆ. ಸಮುದ್ರ ಇಲ್ಲದ ಕಡೆ ದೀಪಸ್ತಂಭ ಯಾಕೆ ಅಂದರೆ, ಅದು ಹಡಗಿಗಲ್ಲ, ವಿಮಾನಕ್ಕೆ. ರೇಡಾರ್ ಇಲ್ಲದ ಕಾಲದಲ್ಲಿ ತುಲೂಸಿನಿಂದ ಅಂಚೆ ಹೊತ್ತು ಹಾರ್ತಿದ್ದ ಪೈಲಟ್‌ಗಳಿಗೆ ರಾತ್ರಿ ದಾರಿ ತೋರಿಸ್ತಿದ್ದದ್ದು.

ಈ ಸೀಮೆ ಒಂದು ಕಾಲದಲ್ಲಿ ಶ್ರೀಮಂತವಾದದ್ದು ಒಂದು ಗಿಡದ ಎಲೆಯಿಂದ. ಪಾಸ್ಟೆಲ್ ಅಂತ ಹೆಸರು, ಎಲೆ ಅರೆದು ಉಂಡೆ ಕಟ್ಟಿ ನೀಲಿ ಬಣ್ಣ ತೆಗೀತಿದ್ದರು. ಆ ದುಡ್ಡಲ್ಲಿ ಕಟ್ಟಿಸಿದ ಅರಮನೆಯಂಥ ಮನೆಗಳು ತುಲೂಸಲ್ಲಿ ಇನ್ನೂ ಇವೆ. ಹದಿನಾರನೇ ಶತಮಾನದಲ್ಲಿ ಹಡಗಿನಲ್ಲಿ ನಮ್ಮ ದೇಶದ ನೀಲಿ ಬರೋಕೆ ಶುರುವಾಯ್ತು, ಅದರ ಮುಂದೆ ಪಾಸ್ಟೆಲ್ ನಿಲ್ಲಲಿಲ್ಲ. ಆ ಉಂಡೆ ಹೊತ್ತ ಗಾಡಿಗಳು ಹೋಗ್ತಿದ್ದ ಹೊಲಗಳ ನಡುವೆ ನಾವು, ಇಂಡಿಯಾದಿಂದ ಬಂದವರು, ಶೂ ಹಾಕ್ಕೊಂಡು ಓಡ್ತಿದ್ವಿ.

ಅದೇ ಓಟದ ನಡುವೆ ಸಿಗೋದು ನೌರೂಜ್. ಸುಮಾರು 189 ಮೀಟರ್ ಎತ್ತರದ, ನೋಡೋಕೆ ಏನೂ ಇಲ್ಲದ ಒಂದು ಹಿನ್ನಡು. ಆದರೆ ರಿಕೆಯ ಇಡೀ ಕಾಲುವೆ ನಿಂತಿರೋದು ಈ ಜಾಗದ ಮೇಲೆ. ಎರಡು ಸಮುದ್ರ ಸೇರಿಸೋ ಕಾಲುವೆಯ ನೆತ್ತಿಗೆ ನೀರು ಎಲ್ಲಿಂದ ತರೋದು ಅನ್ನೋದೇ ಆಗಿನ ಸಮಸ್ಯೆ. ಅವನು ಕಪ್ಪು ಬೆಟ್ಟ ಅಂತ ಕರೆಯೋ ಮೊಂತಾನ್ಯ್ ನುವಾರ್‌ನ ಹೊಳೆಗಳನ್ನ ಹಿಡಿದು, ಸಾಂ-ಫೆರಿಯೋಲ್‌ನಲ್ಲಿ ಒಡ್ಡು ಕಟ್ಟಿ, ಸಣ್ಣ ಕಾಲುವೆಯಲ್ಲಿ ಇಲ್ಲಿಗೆ ತಂದ. ಇಲ್ಲಿಂದ ನೀರು ಒಂದು ಕಡೆ ಅಟ್ಲಾಂಟಿಕ್ ದಿಕ್ಕಿಗೆ, ಇನ್ನೊಂದು ಕಡೆ ಮೆಡಿಟರೇನಿಯನ್ ದಿಕ್ಕಿಗೆ. ಎರಡೂ ಬದಿಯ ಮೊದಲ ತೂಬುಗಳ ಹೆಸರೇ ‘ಸಾಗರ’ ಮತ್ತು ‘ಮೆಡಿಟರೇನಿಯನ್’. ಸಕಲೇಶಪುರದವ ಶೂ ಬಿಚ್ಚಿ ಅಲ್ಲೇ ಕೂತ. ಅವನೂರ ಕಡೆ, ಬಿಸಿಲೆ ಘಾಟಿ ಹತ್ತಿರ, ಇಂಥದ್ದೇ ಒಂದು ಕಲ್ಲು ಇದೆ. ಅದರ ಒಂದು ಬದಿ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬದಿಯದು ಬಂಗಾಳ ಕೊಲ್ಲಿಗೆ. ಮುಂದೆ ಕಾಸ್ತೆಲ್‌ನೊದಾರಿಯವರೆಗೆ ಅವನು ಒಂದು ಮಾತೂ ಆಡಲಿಲ್ಲ. ಆ ಊರು ಹುರುಳಿಕಾಯಿ ಬೀಜ ಮತ್ತು ಮಾಂಸ ಹಾಕಿ ಬೇಯಿಸೋ ಕಾಸುಲೆಗೆ ಪ್ರಸಿದ್ಧ. ಸಸ್ಯಾಹಾರಿ ಗದಗದವಳಿಗೆ ಸಿಕ್ಕಿದ್ದು ಬ್ರೆಡ್ಡು, ಚೀಸು.

ಜುಲೈ ಮೊದಲ ವಾರ ಆ ದಾರಿಯ ತೀರ್ಮಾನ ಬಂತು. ಊರಿನ ಸಭೆ ಮಾರೋದನ್ನ ಕೈಬಿಟ್ಟಿತು, ಆದರೆ ದಾರಿ ಇದ್ದಲ್ಲೇ ಉಳಿಯಲಿಲ್ಲ. ರೈತ ಹೊಲದ ಅಂಚಲ್ಲಿ ಜಾಗ ಬಿಟ್ಟುಕೊಡ್ತಾನೆ, ದಾರಿ ಅಲ್ಲಿಗೆ ಸರಿಯುತ್ತೆ, ನಡುವಿನ ಹಳೇ ದಾರಿ ಅವನ ಹೊಲಕ್ಕೆ ಸೇರುತ್ತೆ. ಸುಮಾರು ನೂರು ಮೀಟರ್ ಸುತ್ತು ಜಾಸ್ತಿ. ಎಂಜಿನಿಯರ್ ಬುದ್ಧಿಗೆ ಇದು ಒಳ್ಳೇ ಪರಿಹಾರ, ಇಬ್ಬರಿಗೂ ಕೆಲಸ ಆಯ್ತು. ಖುಷಿಯಿಂದ ಸ್ಮಶಾನದ ಹತ್ತಿರ ಅಜ್ಜಿಯನ್ನ ಹುಡುಕಿಕೊಂಡು ಹೋದ್ವಿ. ಅವರು ಎಲ್ಲಾ ಕೇಳಿ, ನಮ್ಮ ಮೂವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಆಮೇಲೆ, ದಾರಿ ಉಳೀತು ಸರಿ, ಆದರೆ ಅಣ್ಣನ ಜೊತೆ ನಾನು ನಡೆದದ್ದು ಈ ದಾರಿ ಅಲ್ವಲ್ಲ ಅಂದರು. ಬೇಸರದಿಂದ ಅಲ್ಲ, ಸುಮ್ಮನೆ ಲೆಕ್ಕ ಸರಿ ಮಾಡೋ ಹಾಗೆ. ನಮ್ಮ ಹತ್ತಿರ ಅದಕ್ಕೆ ಉತ್ತರ ಫ್ರೆಂಚಲ್ಲೂ ಇರಲಿಲ್ಲ, ಕನ್ನಡದಲ್ಲೂ ಇರಲಿಲ್ಲ. ಅವರ ಡಬ್ಬಕ್ಕೆ ನೀರು ತುಂಬಿಸಿ ಕೊಟ್ವಿ. ಆಗಸ್ಟ್ ಕೊನೆಗೆ ಮೇಷ್ಟ್ರು ಒಂದು ಫೋಟೋ ಕಳಿಸಿದರು: ಹೊಲದ ಅಂಚಿನ ಹೊಸ ಕಂಬ, ಅದರ ಮೇಲೆ ಇನ್ನೂ ಒಣಗದ ಹಳದಿ ಗೆರೆ.

ನಮ್ಮ ರಾಜ್ಯದ ಕಂದಾಯ ನಕ್ಷೆಗಳಲ್ಲೂ ಇಂಥ ದಾರಿಗಳಿವೆ. ಹಳ್ಳಿಯಿಂದ ಬಂದವರಿಗೆ ‘ನಕಾಶೆ ಕಂಡ ದಾರಿ’, ‘ಬಂಡಿ ದಾರಿ’ ಅನ್ನೋ ಮಾತು ಗೊತ್ತಿರುತ್ತೆ, ಹೆಚ್ಚಾಗಿ ಯಾವುದೋ ಜಗಳದಲ್ಲಿ ಕೇಳಿರ್ತೀರಿ. ಭೂಮಾಪನ ಇಲಾಖೆಯ ವೆಬ್‌ಸೈಟಲ್ಲಿ ಗ್ರಾಮ ನಕ್ಷೆ ಪುಕ್ಕಟೆ ಸಿಗುತ್ತೆ, ದಿಶಾಂಕ್ ಆ್ಯಪಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತೆ. ಗೌರಿ ಹಬ್ಬಕ್ಕೆ ಊರಿಗೆ ಹೋದ ಸಕಲೇಶಪುರದವ ನಕ್ಷೆ ತೆಗೆದು ನೋಡಿದ. ಶಾಲೆ ದಾರಿ ಅದರಲ್ಲಿ ಇದೆ. ಅಪ್ಪ, “ನಕಾಶೆಲಿದ್ದು ಏನ್ ಮಾಡೋದು, ನಡೆಯೋರು ಬೇಕಲ್ಲ,” ಅಂದರಂತೆ. ಅಂದು ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಕತ್ತಿ ಹಿಡಿದು ಹೋಗಿ ಬೇಲಿವರೆಗಿನ ಲಂಟಾನ ಸವರಿದ್ದಾರೆ. ಬೇಲಿ ಇನ್ನೂ ಇದೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟಾಗಿದೆ, ಜೊತೆಗೆ ನಕ್ಷೆಯ ಪ್ರತಿ. ದೀಪಾವಳಿಗೆ ಮತ್ತೆ ಹೋಗ್ತಾನೆ, ನಾವಿಬ್ಬರೂ ಜೊತೆಗೆ ಹೋಗ್ತಿದ್ದೀವಿ.

ಗದಗದವಳು ಈಗ ಕ್ಯಾಂಪಸ್ ಹಿಂದಿನ ಕೆರೆ ಏರಿ ಮೇಲೆ ಬೆಳಿಗ್ಗೆ ಓಡ್ತಾಳೆ. ಮೊದಲ ವಾರ ಒಬ್ಬಳೇ ಇದ್ದಳು, ಈಗ ಜೂನಿಯರ್ ಹುಡುಗಿಯರು ಸೇರಿ ಐದು ಜನ. ಕೆರೆ ಏರಿಯ ಆ ತುದಿಯಿಂದ ಹಳ್ಳಿಗೆ ಹೋಗೋ ಒಂದು ಹಳೇ ಬಂಡಿ ದಾರಿ ಇದೆ, ನಕ್ಷೆಯಲ್ಲೂ ಇದೆ, ಅರ್ಧ ಜಾಲಿ ಮುಚ್ಚಿದೆ. ಒಂದು ಸುತ್ತಿಗೆ 7 ಕಿ.ಮೀ. ಆಗುತ್ತೆ. ಬರೋ ಭಾನುವಾರದಿಂದ ಪ್ರತಿ ವಾರ, ಬೆಳಿಗ್ಗೆ ಆರಕ್ಕೆ, ಹಿಂದಿನ ಗೇಟ್ ಹತ್ತಿರ ಸೇರೋಣ ಅಂತಿದ್ದೀವಿ. ಓಡಲೇಬೇಕು ಅಂತಿಲ್ಲ, ನಡೆದರೂ ಆಯ್ತು. ಕತ್ತಿ ಇದ್ದವರು ತನ್ನಿ. ಹಳದಿ ಬಣ್ಣದ ಡಬ್ಬ ನಾವು ತರ್ತೀವಿ.